ಗೋಟ್ಯಾ ಹೂಂಗುಟ್ಟಿದ್ದು

ಗೋಟ್ಯಾನ ಹೊಟ್ಟೆಗಿಂತ ಇಂಪನಾಳ ಕುರ್ತಾವೇ ಹೆಚ್ಚು ಔಷಧಿ ಕುಡಿದಿತ್ತು.

ಗೋಟ್ಯಾ ಅಂದರೆ ಬೂದಿಬಣ್ಣದ ಮೊಲ, ರೂಮ್‌ಮೇಟ್ ಹರ್ಷದಾಳ ಜೀವ. ಹರ್ಷದಾ ನಸುಕಿನಲ್ಲೇ ಆಫೀಸಿನ ಗೆಳತಿಯರ ಜೊತೆ ಸಂತರ ಪಾದುಕೆ ಹೊತ್ತ ಪಾಲಖಿಯ ಹಿಂದೆ ಸಾಸವಡ ಎಂಬ ಊರಿಗೆ ನಡೆದು ಹೋಗಿದ್ದಳು. ಅವಳು ಘಾಟಿ ಹತ್ತುವ ಹೊತ್ತಿಗೆ ಇಲ್ಲಿ ಗೋಟ್ಯಾ ಹುಲ್ಲು ಮುಟ್ಟದೆ ಮೂಲೆ ಸೇರಿದ್ದ. ಇಂಪನಾ ಆಟೋದಲ್ಲಿ ಡಾಕ್ಟರ ಹತ್ತಿರ ಓಡಿದಳು. ಹೊಟ್ಟೆಯಲ್ಲಿ ಗ್ಯಾಸು, ಔಷಧಿ ಒಳಗೆ ಹೋಗಲೇಬೇಕು, ಸಂಜೆಯೊಳಗೆ ತಿನ್ನದಿದ್ದರೆ ಅಡ್ಮಿಟ್ ಮಾಡಬೇಕಾಗುತ್ತದೆ, ಮೊಲದ ಹೊಟ್ಟೆ ಕೆಲಸ ನಿಲ್ಲಿಸಿದರೆ ಉಳಿಯುವುದು ಕಷ್ಟ ಎಂದರು ಅವರು.

ಮನೆಗೆ ಬಂದು ಟವೆಲ್ ಸುತ್ತಿ ಎದೆಗೊತ್ತಿಕೊಂಡು ಸೂಜಿಯಿಲ್ಲದ ಸಿರಿಂಜ್ ಬಾಯಿಗಿಟ್ಟರೆ ಗೋಟ್ಯಾ ಒದ್ದು, ಉಗುಳಿ, ಮಂಚದ ಕೆಳಗೆ ನುಗ್ಗಿದ. ಅಷ್ಟರಲ್ಲಿ ಮಳವಳ್ಳಿಯಿಂದ ಅಜ್ಜಿ ದೇವೀರಮ್ಮನ ಫೋನು.

"ಯಾಕವ್ವಾ, ದನಿ ಹಿಂಗದೆ?"

"ಮೊಲ ಔಷಧಿ ಕುಡೀತಿಲ್ಲ ಅಜ್ಜಿ."

"ನೀನೇನು ಕುಡೀತಿದ್ದಾ? ಊರಿಗೆಲ್ಲ ಕೇಳಂಗೆ ಅರಚ್ತಿದ್ದೆ. ಕಾಲು ನೀಡ್ಕೊಂಡು ಕೂತ್ಕೊ. ಕೂಸಿಗೆ ಎಣ್ಣೆನೀರು ಹಾಕುವಾಗ ಕೂರಾಕಿಲ್ವಾ, ಹಂಗೆ. ಕಾಲ ಮೇಲೆ ಮಲಗಿಸ್ಕೊ."

"ಅಂಗಾತ ಮಲಗಿಸಬಾರದಂತೆ."

"ಬೋರಲಾಗಿ ಮಲಗಿಸ್ಕೊ. ನಾನು ಕತೆ ಹೇಳ್ತೀನಿ."

"ಅದಕ್ಕೆ ಕನ್ನಡ ಬರಲ್ಲ ಅಜ್ಜಿ, ಮರಾಠಿ ಮೊಲ!"

"ಮೂರು ತಿಂಗಳ ಕೂಸಿದ್ದಾಗ ನಿಂಗೇನು ಬತ್ತಿತ್ತು?"

ಇಂಪನಾ ನಗುತ್ತಲೇ ಗೋಡೆಗೊರಗಿ ಕಾಲು ಚಾಚಿದಳು. ಅಜ್ಜಿಯ ಹಳೇ ಸೀರೆಯ ಕೌದಿಯಲ್ಲಿ ಗೋಟ್ಯಾನನ್ನು ಸುತ್ತಿ ಎರಡು ಕಾಲ ನಡುವಿನ ಹಳ್ಳದಲ್ಲಿ ಇಟ್ಟುಕೊಂಡಳು. ಫೋನು ಪಕ್ಕದಲ್ಲಿ ಮಾತಾಡತೊಡಗಿತು.

"ಒಂದೂರಲ್ಲಿ ಒಬ್ಬ ರಾಜ. ಅವನ ಹೊಟ್ಟೆಯೊಳಕ್ಕೆ ಗುಡುಗು ಸೇರ್ಕೊಂಡಿತ್ತು."

"ಹೂಂ."

ಅಜ್ಜಿಯ ಕತೆಗೆ ಹೂಂಗುಟ್ಟಲೇಬೇಕು. ಇಲ್ಲದಿದ್ದರೆ ಕುದುರೆ ಹತ್ತಲು ಎತ್ತಿದ ರಾಜನ ಕಾಲು ಎತ್ತಿದಂತೆಯೇ ಇರುತ್ತಿತ್ತು, ಬೆಳಗಾದರೂ ಸರಿ. ಗುಡುಗಿಗೆ ಮದ್ದು ಹುಡುಕುತ್ತ ರಾಜ ಕಾಡು ಹೊಕ್ಕ, ಹೂಂ, ಹೊಳೆ ದಾಟಿದ, ಹೂಂ. ಆ ಏರಿಳಿವ ದನಿಗೆ ಗೋಟ್ಯಾನ ಸೆಟೆದ ಕಿವಿಗಳು ಬೆನ್ನಿಗೆ ಒರಗಿದವು. ಇಂಪನಾ ಸಿರಿಂಜಿನ ತುದಿಯನ್ನು ಬಾಯಿಯ ಪಕ್ಕದ ಸಂದಿಗೆ ತೂರಿಸಿದಳು. ಒಂದು ಹನಿ. ನುಂಗಿದ! ಇನ್ನೊಂದು ಹನಿ. ಆ ಗಮನದಲ್ಲಿ ಹೂಂಗುಟ್ಟುವುದೇ ಮರೆತುಹೋಯಿತು.

ಕತೆ ನಿಂತಿತು. ಗೋಟ್ಯಾನ ಕಿವಿ ಮತ್ತೆ ಎದ್ದಿತು.

"ಮಲಗ್ಬಿಟ್ಟಾ? ರಾಜ ಕೋಟೆ ಬಾಗಿಲಲ್ಲೇ ನಿಂತವ್ನೆ."

ಇಂಪನಾ ಗೋಟ್ಯಾನ ಹಣೆ ಸವರಿದಳು. ಆಗ ಕೌದಿಯೊಳಗಿಂದ ಬಂತು ಸದ್ದು: ಟಕ ಟಕ ಟಕ. ಗೋಟ್ಯಾ ಮೆಲ್ಲಗೆ ಹಲ್ಲಿಗೆ ಹಲ್ಲು ತಾಗಿಸುತ್ತಿದ್ದ. ಮನಸ್ಸಿಗೆ ಹಿತವಾದಾಗಲೇ ಹಾಗೆ ಮಾಡುತ್ತಾನೆಂದು ಹರ್ಷದಾ ಹೇಳಿದ್ದಳು.

"ಅದ್ಯಾರು ಕಣೇ?"

"ಅವನೇ ಅಜ್ಜಿ, ಹೂಂಗುಟ್ತಿದಾನೆ."

"ಹಂಗನ್ನು ಮತ್ತೆ!" ಎಂದಳು ಅಜ್ಜಿ. ರಾಜ ಕೋಟೆಯೊಳಗೆ ಹೋದ. ಸಿರಿಂಜ್ ಖಾಲಿಯಾಯಿತು.

ಕತೆ ಅರ್ಧಕ್ಕೇ ಬಿಟ್ಟು ಅಜ್ಜಿ ಹಸು ಕರೆಯಲು ಎದ್ದು ಹೋದಳು. ಬಿಸಿಲು ಬಾಲ್ಕನಿಯ ಕಂಬಿಗೆ ಇಳಿಯುವ ಹೊತ್ತಿಗೆ ಗೋಟ್ಯಾ ಕೌದಿ ಕೊಡವಿ ಎದ್ದ. ಕೊತ್ತಂಬರಿ ಕಟ್ಟನ್ನು ಮೂಸಿ ಒಂದು ಎಸಳು ಎಳೆದ. ಅದು ಮೀಸೆಗಳ ನಡುವೆ ಚೂರುಚೂರೇ ಒಳಗೆ ಹೋಯಿತು. ಆಮೇಲೆ ಕೌದಿ ಕೊಡವಿದರೆ ನೆಲದ ಮೇಲೆ ಕಾಳುಮೆಣಸಿನಂಥ ಹಿಕ್ಕೆ ಉದುರಿತು. ಹಿಕ್ಕೆ ನೋಡಿ ಇಂಪನಾ ಕುಣಿದದ್ದು ಜನ್ಮದಲ್ಲಿ ಅದೇ ಮೊದಲು. ಗೋಟ್ಯಾ ಮೆಲ್ಲುವ ವಿಡಿಯೋವನ್ನು ಸಾಸವಡಕ್ಕೆ ಕಳಿಸಿ, ಅಜ್ಜಿಗೆ ಫೋನು ಹಚ್ಚಿದಳು.

"ರಾಜನ ಹೊಟ್ಟೆ ಗುಡುಗು ಏನಾಯ್ತು ಅಂತ ಕೇಳಲೇ ಇಲ್ವಲ್ಲೇ?" ಎಂದಳು ದೇವೀರಮ್ಮ.

"ಹೊರಗೆ ಬಂತು ಅಜ್ಜಿ. ಈಗಷ್ಟೇ ಗುಡಿಸಿದೆ."