ಬೆಳ್ಳಿ ಬಟ್ಟಲ ಸುತ್ತು

ಹಾಸನದ ಆ ಹಳೇ ಕ್ಲಬ್ಬಿನ ವಾರ್ಷಿಕ ಊಟಕ್ಕೆ ಒಂದು ಕಟ್ಟಳೆಯಿತ್ತು. ಬಿಳಿಯರ ಕಾಲದ ಬೆಳ್ಳಿ ಬಟ್ಟಲಿಗೆ ವಿಸ್ಕಿ ತುಂಬಿ ಮೊದಲು ಅಧ್ಯಕ್ಷರಿಗೆ ಕೊಡಬೇಕು. ಅವರು ಎದ್ದುನಿಂತು ಅದನ್ನು ಪೂರಾ ಬರಿದು ಮಾಡಬೇಕು. ಆಮೇಲೆ ಮತ್ತೆ ತುಂಬಿದ ಬಟ್ಟಲು ಒಬ್ಬರ ತುಟಿಯಿಂದ ಒಬ್ಬರ ತುಟಿಗೆ ಮೇಜಿನ ಸುತ್ತ ಬರಬೇಕು. ಅಲ್ಲಿಯತನಕ ಯಾರೂ ಸೂಪಿಗೆ ಚಮಚ ಹಾಕುವಂತಿಲ್ಲ, ಕುರ್ಚಿ ಬಿಟ್ಟು ಏಳುವಂತಿಲ್ಲ.

ಶಾಂತರಾಜು ಸದಸ್ಯರಾದ ವರ್ಷ ಬಟ್ಟಲು ಅವರ ಕೈಯಿಂದ ಮುಂದಕ್ಕೆ ಹೋಗಲಿಲ್ಲ. ಚನ್ನರಾಯಪಟ್ಟಣದ ಕಡೆಯ ಹಳ್ಳಿಯೊಂದರ ದಲಿತ ಕೇರಿಯಲ್ಲಿ ಹುಟ್ಟಿ ಎಂಜಿನಿಯರಾಗಿದ್ದ ಅವರು ಒಂದು ಗುಟುಕು ಕುಡಿದು ಪಕ್ಕಕ್ಕೆ ಚಾಚಿದರೆ, ಪಕ್ಕದವರು ಕರವಸ್ತ್ರ ತೆಗೆದು ಕೆಮ್ಮತೊಡಗಿದರು. ಅವರಾಚೆಯವರಿಗೆ ಸರಿಯಾಗಿ ಆಗಲೇ ಫೋನ್ ಬಂತು. ಚಾಚಿದ ಕೈ ಹಾಗೇ ಉಳಿಯಿತು. ಆಗ ಮೇಜಿನ ಆ ತುದಿಯಿಂದ ಹೊಳೆನರಸೀಪುರದ ದೊಡ್ಡ ಜಮೀನ್ದಾರ ಮನೆತನದ ಕೆಂಪಣ್ಣ ಕಟ್ಟಳೆ ಮುರಿದು ಎದ್ದು ಬಂದರು. ಬಟ್ಟಲು ಇಸಿದುಕೊಂಡು, ಒರೆಸದೆ, ಶಾಂತರಾಜು ತುಟಿಯಿಟ್ಟ ಕಡೆಯೇ ತುಟಿಯಿಟ್ಟು ಕುಡಿದರು.

"ಕೆಮ್ಮು ಇರೋರು ಮನೇಲಿರ್ಬೇಕು ಕಣ್ರಯ್ಯ," ಎಂದರು. ಅಂದಿನಿಂದ ಪ್ರತಿ ವರ್ಷವೂ ಅವರ ಕುರ್ಚಿ ಶಾಂತರಾಜು ಪಕ್ಕದಲ್ಲೇ.

ಈ ಸಲ ಶಾಂತರಾಜು ಕಾರ್ಯದರ್ಶಿ, ಕೆಂಪಣ್ಣ ಅಧ್ಯಕ್ಷ. ಆದರೆ ಕೆಂಪಣ್ಣನವರ ಲಿವರ್ ಹಾಳಾಗಿತ್ತು. ಒಂದು ತೊಟ್ಟೂ ಮುಟ್ಟಕೂಡದೆಂದು ಡಾಕ್ಟರು ಖಡಾಖಂಡಿತ ಹೇಳಿದ್ದರು.

ಊಟದ ದಿನ ಬೆಳಿಗ್ಗೆ ಅವರ ಹೆಂಡತಿ ಲಕ್ಕಮ್ಮ ಫೋನ್ ಮಾಡಿದರು. "ಅಣ್ಣಾ, ನಾನೇಳಿದ್ರೆ ಕೇಳಾಕಿಲ್ಲ ಅವ್ರು. ಹೆಂಗಸ್ರು ಅಲ್ಲಿಗ್ ಬರಂಗಿಲ್ಲ. ನೀವೇ ನೋಡ್ಕಬೇಕು."

"ನೋಡ್ಕತೀನಿ ಕಣಮ್ಮ," ಎಂದರು ಶಾಂತರಾಜು.

ಕೆಂಪಣ್ಣನವರಿಗೆ ಹೇಳಿ ನೋಡಿದರು. "ಬಟ್ಟಲು ಮುಟ್ದೆ ಕೂತ್ರೆ ನಾನೂ ಆ ಕೆಮ್ಮಿದೋನೂ ಒಂದೇ ಆಗಕಿಲ್ವಾ?" ಎಂದು ನಕ್ಕುಬಿಟ್ಟರು. ಬೇರೆ ದಾರಿ ಕಾಣದೆ ಶಾಂತರಾಜು ಬಡಿಸುವ ಚಿಕ್ಕಯ್ಯನನ್ನು ಅಡುಗೆಮನೆಗೆ ಕರೆದು, ಹಾಲು ಹಾಕದ ಟೀ ಆರಿಸಿ ಬಟ್ಟಲಿಗೆ ತುಂಬಿಸಿದರು.

ಮಧ್ಯಾಹ್ನ ಎಲ್ಲರೂ ಟೈ ಕಟ್ಟಿಕೊಂಡು ಕೂತರು. ಕೆಂಪಣ್ಣ ಎದ್ದು ಬಟ್ಟಲೆತ್ತಿದರು. ಮೊದಲ ಗುಟುಕಿಗೇ ತಡೆದು ಶಾಂತರಾಜು ಕಡೆ ನೋಡಿದರು. ಮೀಸೆಯಡಿಯಲ್ಲಿ ನಗುತ್ತಲೇ ಬರಿದು ಮಾಡಿದರು. ಶಾಂತರಾಜುಗೆ ಹೋದ ಉಸಿರು ಬಂದಂತಾಯಿತು.

ಆದರೆ ಬರಿದಾದ ಬಟ್ಟಲು ಮತ್ತೆ ತುಂಬಲೆಂದು ಆಚೆ ಪಕ್ಕದ ಹಿರಿಯ ವಕೀಲ ಚನ್ನಬಸವಯ್ಯನವರ ಕೈಗೆ ಹೋಯಿತು. ಅವರು ಮೂಸಿ ನೋಡಿದರು.

"ಇದೇನ್ರೀ, ಟೀ ವಾಸನೆ! ಯಾರ ಕೆಲಸ ಇದು?"

"ನಂದೇ ಸಾರ್. ಕೆಂಪಣ್ಣೋರ ಆರೋಗ್ಯ..."

"ಪಂಕ್ತಿ ಮರ್ಯಾದೆ ಹುಟ್ಟಿನಿಂದ ಬರಬೇಕು ರೀ, ಕಲಿಸಿದ್ರೆ ಬರಲ್ಲ. ಇಂಥೋರನ್ನ ಒಳಗೆ ಬಿಟ್ಟಿದ್ದೇ ತಪ್ಪು. ರಾಜೀನಾಮೆ ಕೊಟ್ಟು ಹೋಗಲಿ." ಯಾರೋ ಹೌದೆಂದು ಮೇಜು ಕುಟ್ಟಿದರು. ಉಳಿದವರು ತಟ್ಟೆ ನೋಡಿಕೊಂಡು ಕೂತರು.

ಕೆಂಪಣ್ಣ ಬಟ್ಟಲು ಇಸಿದುಕೊಂಡು, ವಿಸ್ಕಿ ಬಾಟಲು ಎಳೆದು ಅದಕ್ಕೆ ಸುರಿದರು. "ಟೀ ಹಾಕ್ಸು ಅಂದೋನು ನಾನು. ಸಾವಿಗೆ ಎದ್ರಿಕೊಂಡಿದ್ದೆ. ಈಗ ಎದ್ರಿಕೆ ಓಯ್ತು. ಮರ್ವಾದೆ ಎಂಗಿರ್ತದೆ ನೋಡ್ಕಳಿ."

"ಸುಳ್ಳು, ಅವರು ಹೇಳಲಿಲ್ಲ!" ಶಾಂತರಾಜು ಕೆಂಪಣ್ಣನವರ ಮಣಿಕಟ್ಟು ಹಿಡಿದರು. "ನಾನು ರಾಜೀನಾಮೆ ಕೊಡ್ತೀನಿ. ನಿಮ್ಮ ಕಾಲಿಗೆ ಬೀಳ್ತೀನಿ, ಬ್ಯಾಡಿ."

"ಬಿಡು ಕಣಯ್ಯ ಕೈಯ. ನೀನು ಎದ್ದೋದ್ರೆ, ಅವತ್ತು ನಾನು ಎದ್ದು ಬಂದಿದ್ದುಕ್ಕೆ ಏನರ್ಥ?"

ಕಸಿದುಕೊಳ್ಳಬಹುದಿತ್ತು. ಕಾಯಿಲೆಯ ಆ ಕೈಯಲ್ಲಿ ಬಲವೇ ಇರಲಿಲ್ಲ. ಆದರೆ ಕಸಿದುಕೊಂಡರೆ ಅಷ್ಟು ಜನರೆದುರು ಆ ಮನುಷ್ಯನ ಮಾನ ಉಳಿಯುತ್ತಿರಲಿಲ್ಲ. ಶಾಂತರಾಜು ಬೆರಳುಗಳು ತಾವಾಗಿಯೇ ಸಡಿಲವಾದವು. ಕೆಂಪಣ್ಣ ಗಟಗಟನೆ ಕುಡಿದು ಬಟ್ಟಲನ್ನು ಕವುಚಿ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚನ್ನಬಸವಯ್ಯನವರೂ ತಟ್ಟಿದರು.

ಕಟ್ಲೆಟ್ ಬಡಿಸುವ ಹೊತ್ತಿಗೆ ಕೆಂಪಣ್ಣ ವರಾಂಡಕ್ಕೆ ಹೋಗಿ ರಕ್ತ ಕಾರಿಕೊಂಡರು.

ಲಕ್ಕಮ್ಮ ಆಸ್ಪತ್ರೆ ಮುಟ್ಟಿದಾಗ ಸಂಜೆಯಾಗಿತ್ತು. ಶಾಂತರಾಜುವನ್ನು ಕಂಡವರೇ ಬೆಂಚಿನ ಮೇಲೆ ಕುಸಿದು ಕೂತರು. "ನೀವಿದ್ದೂ ಇಂಗಾಯ್ತು ಅಂದ್ರೆ ಇನ್ಯಾರಿಗೂ ತಡೆಯಾಕೆ ಆಯ್ತಿರ್ನಿಲ್ಲ ಬಿಡಿ ಅಣ್ಣ. ಕೂತ್ಕಳಿ."

ಶಾಂತರಾಜು ಕೂರಲಿಲ್ಲ. "ನನಗೋಸ್ಕರ ಕುಡಿದ್ರು ಕಣಮ್ಮ," ಎಂದು ನಡೆದದ್ದನ್ನೆಲ್ಲ ಹೇಳಿದರು.

ಲಕ್ಕಮ್ಮ ತಲೆಯೆತ್ತಿ ಅವರ ಮುಖ ನೋಡಿದರು.

"ಚಪ್ಪಾಳೆ ತಟ್ಟಿದೋರು ಯಾರಾದ್ರೂ ಬಂದವ್ರಾ ಇಲ್ಲಿಗೆ?"

"ಇಲ್ಲ ಕಣಮ್ಮ."

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು ಕೆಂಪಣ್ಣನವರ ಕಡೆಯವರು ಯಾರೆಂದು ಕೇಳಿದಳು. ಇಬ್ಬರೂ ಮುಂದೆ ಬಂದರು. ಒಬ್ಬರನ್ನು ಮಾತ್ರ ಬಿಡುವುದೆಂದಳು. ಲಕ್ಕಮ್ಮ ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ಅವರ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಲಕ್ಕಮ್ಮನವರ ಗೋಳಿನ ಕೂಗು ಕೇಳಿದಾಗ ಶಾಂತರಾಜು ಬಾಗಿಲಿಗೆ ಕೈಯೂರಿ ನಿಂತೇ ಇದ್ದರು.