ವೇಟಿಂಗ್ ಲಿಸ್ಟಿನ ಮೊದಲ ಹೆಸರು

ಭದ್ರಾವತಿಯ ಜನ್ನಾಪುರದ ಓಣಿಯಲ್ಲಿ ಚಪ್ಪಲಿ ಬಿಡಲು ಜಾಗ ಹುಡುಕುತ್ತಲೇ ಗುರುಪ್ರಸಾದ್ ಜನರನ್ನು ಎಣಿಸತೊಡಗಿದ್ದ. ಶಾಮಿಯಾನದ ಕೆಳಗೆ ಎಂಬತ್ತು, ಎದುರು ಮನೆಯ ಜಗಲಿಯ ಮೇಲೆ ಹತ್ತಿಪ್ಪತ್ತು, ತಿರುವಿನಲ್ಲಿ ಬೈಕುಗಳಿಗೆ ಒರಗಿ ನಿಂತವರು ಇನ್ನಷ್ಟು. ಇದು ಎಣಿಸುವ ಹೊತ್ತಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡ ಮೇಲೂ ಎಣಿಕೆ ನಿಲ್ಲಲಿಲ್ಲ. ಬುಧವಾರ, ಕೆಲಸದ ದಿನ. ಸತ್ತವನು ಸಮೀವುಲ್ಲಾ, ಪಂಪ್‌ಸೆಟ್ಟಿನ ಮೋಟರುಗಳಿಗೆ ತಂತಿ ಸುತ್ತಿ ಬದುಕಿದವನು. ಅವನಿಗಾಗಿ ತೋಟದವರು ಬಂದಿದ್ದರು, ಕಾರ್ಖಾನೆಯಿಂದ ನಿವೃತ್ತರಾಗಿ ತಮ್ಮತಮ್ಮಲ್ಲೇ ತಮಿಳು ಮಾತಾಡಿಕೊಳ್ಳುವ ಮುದುಕರು ಬಂದಿದ್ದರು, ಬ್ಯಾಗು ಹೆಗಲಿಗೆ ಹಾಕಿದ ಕಾಲೇಜಿನ ಹುಡುಗಿಯರೂ ಬಂದಿದ್ದರು.

ತಾನು ಸತ್ತರೆ ಶಿವಮೊಗ್ಗದ ಕೋಟೆ ರಸ್ತೆಯ ತನ್ನ ಮನೆಯ ಮುಂದೆ ಎಷ್ಟು ಜನ ಸೇರಬಹುದು ಎಂಬ ಲೆಕ್ಕವೂ ತಲೆಯಲ್ಲಿ ಬಂದು ಹೋಯಿತು. ತಾನು ಪಾಠ ಮಾಡುವ ಕಾಲೇಜಿನಿಂದ ಒಂದು ವ್ಯಾನು. ಅದರಲ್ಲೂ ಅರ್ಧ ಸೀಟು ಖಾಲಿ.

ಸಮೀವುಲ್ಲಾನ ತಮ್ಮ ಮುಸ್ತಕೀಮ್ ಜನರ ನಡುವೆ ದಾರಿ ಮಾಡಿಕೊಂಡು ಬಂದು ಅವನ ಕೈ ಹಿಡಿದ.

“ಬನ್ನಿ ಗುರಣ್ಣ. ನಿಮಗೆ ಫೋನ್ ಮಾಡಕ್ಕಾಗ್ಲಿಲ್ಲ, ಬೇಜಾರು ಮಾಡ್ಕೋಬೇಡಿ. ಅಣ್ಣನ ಫೋನ್ ತಗೊಂಡು ಕಾಲ್ ಲಿಸ್ಟಲ್ಲಿ ಮೇಲಿಂದ ಒಂದೊಂದೇ ನಂಬರಿಗೆ ಹೇಳ್ತಾ ಬಂದೆ. ಅಷ್ಟರಲ್ಲಿ ಚಾರ್ಜ್ ಹೋಯ್ತು.”

“ಇರ್ಲಿ ಬಿಡೋ. ನನ್ನ ಹಳೇ ಸ್ಟೂಡೆಂಟ್ ಕವನ ಇದಾಳಲ್ಲ, ಅವಳು ಹೇಳಿದ್ಲು.”

“ಹೌದಾ? ಅವಳ ನಂಬರೇ ಮೊದಲು ಇತ್ತು.”

ಎಂಟು ತಿಂಗಳಿಂದ ಗುರುಪ್ರಸಾದ್ ಸಮೀವುಲ್ಲಾನ ಫೋನು ಎತ್ತಿರಲಿಲ್ಲ. ತನ್ನ ಹೆಸರು ಎಲ್ಲೋ ಕೆಳಗೆ ಸರಿದು ಹೋಗಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಆದರೂ ಚುಚ್ಚಿತು.

“ಹೆಂಗಾಯ್ತು?”

“ನಿನ್ನೆ ಸಂಜೆ ಅಂಗಡೀಲಿ. ಟೀ ತರಿಸಿದ್ದ. ಕುಡಿಯೋ ಮೊದ್ಲೇ ಎದೆ ಹಿಡ್ಕೊಂಡು ಕೂತ. ಆಸ್ಪತ್ರೆ ಬಾಗಿಲು ತನಕಾನೂ ತಡೀಲಿಲ್ಲ.”

ಒಳಗೆ ಬಿಳಿ ಬಟ್ಟೆಯೊಳಗಿಂದ ಮುಖವಷ್ಟೇ ಕಾಣುತ್ತಿತ್ತು. ಗಡ್ಡ ಪೂರ್ತಿ ನೆರೆತಿತ್ತು. ಅದು ಯಾವಾಗ ನೆರೆಯಿತೋ ಗುರುಪ್ರಸಾದನಿಗೆ ತಿಳಿದಿರಲಿಲ್ಲ. ಅವನು ಕೈಮುಗಿದ. ಅಳು ಬರಬಹುದೆಂದು ಕಾದ. ಅದರ ಬದಲು ಇಪ್ಪತ್ತೇಳು ವರ್ಷದ ಹಿಂದಿನ ಒಂದು ಮಧ್ಯಾಹ್ನ ಬಂದು ಎದುರಿಗೆ ನಿಂತಿತು.

* * *

ಶಿವಮೊಗ್ಗದ ಕಾಲೇಜಿನಲ್ಲಿ ಬಿ.ಎ.ಗೆ ತತ್ವಶಾಸ್ತ್ರ ತೆಗೆದುಕೊಂಡವರು ಆ ವರ್ಷ ಒಂಬತ್ತು ಜನ. ಅವರಲ್ಲಿ ಓದಿನ ಮನೆತನದಿಂದ ಬಂದವನು ಗುರುಪ್ರಸಾದ್ ಒಬ್ಬನೇ. ಅಪ್ಪ ಸಂಸ್ಕೃತ ಪಂಡಿತರು. ಏಳು ವರ್ಷಕ್ಕೇ ಮಗನಿಗೆ ಶ್ಲೋಕಗಳು ಬಾಯಿಗೆ ಬರುತ್ತಿದ್ದವು. ಸಮೀವುಲ್ಲಾ ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದ. ಬೆಳಿಗ್ಗೆ ಅಪ್ಪನ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕೂತು ಬರುತ್ತಿದ್ದುದರಿಂದ ಅವನ ಬೆರಳುಗಳಲ್ಲಿ ಸದಾ ವಾರ್ನಿಷ್ ವಾಸನೆ.

ಒಂದು ದಿನ ಮೇಷ್ಟ್ರು ಹಗ್ಗ ಹಾವಾಗಿ ಕಾಣುವ ದೃಷ್ಟಾಂತವನ್ನು ವಿವರಿಸುತ್ತಿದ್ದರು. ಗುರುಪ್ರಸಾದನಿಗೆ ಅದಕ್ಕೆ ಸಂಬಂಧಿಸಿದ ಶ್ಲೋಕವೇ ಗೊತ್ತಿತ್ತು. ಹೇಳಿ ಮೆಚ್ಚುಗೆ ಪಡೆದ. ಆಗ ಸಮೀವುಲ್ಲಾ ಹಿಂದಿನ ಬೆಂಚಿನಿಂದ ಎದ್ದು, “ಸರ್, ಹಾವನ್ನ ಒಂದ್ಸಲಾನೂ ನೋಡದೇ ಇರೋನಿಗೆ ಆ ಹಗ್ಗ ಏನಾಗಿ ಕಾಣುತ್ತೆ?” ಎಂದು ಕೇಳಿದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. “ನಾಳೆ ಮಾತಾಡೋಣ ಕಣೋ” ಎಂದರು. ಆ ದಿನದಿಂದ ಅವರು ಪಾಠ ಮಾಡುವಾಗ ನೋಡುತ್ತಿದ್ದುದು ಹಿಂದಿನ ಬೆಂಚನ್ನು.

ಅಂಥ ಪ್ರಶ್ನೆ ತನಗೇಕೆ ಹೊಳೆಯಲಿಲ್ಲ ಎಂದು ಗುರುಪ್ರಸಾದ್ ಅನೇಕ ದಿನ ಯೋಚಿಸಿದ. ಶ್ಲೋಕ ಗೊತ್ತಿದ್ದವನಿಗೆ ಪ್ರಶ್ನೆ ಹುಟ್ಟುವುದಿಲ್ಲ ಎಂದು ಸಮಾಧಾನ ಹೇಳಿಕೊಂಡ. ಅದು ಸಮಾಧಾನವಾಗಲಿಲ್ಲ.

ಇಬ್ಬರೂ ಎಂ.ಎ.ಗೆ ಅರ್ಜಿ ಹಾಕಿದರು. ಸಮೀವುಲ್ಲಾನಿಗೆ ಎರಡು ಕಡೆ ಸೀಟು ಬಂತು, ಮೈಸೂರು ಮತ್ತು ಪುಣೆ. ಗುರುಪ್ರಸಾದ್ ಹಾಕಿದ್ದು ಮೈಸೂರಿಗೆ ಮಾತ್ರ. ಪತ್ರ ಬರುವ ತನಕ ತಡೆಯಲಾರದೆ ರೈಲು ಹತ್ತಿ ಹೋಗಿ ನೋಟೀಸ್ ಬೋರ್ಡು ನೋಡಿದ. ಆಯ್ಕೆಯಾದವರಲ್ಲಿ ಮೂರನೆಯ ಹೆಸರು ಸಮೀವುಲ್ಲಾ. ಕೆಳಗೆ ಇನ್ನೊಂದು ಪಟ್ಟಿಯಿತ್ತು. ಅದು ವೇಟಿಂಗ್ ಲಿಸ್ಟು. ಅದರ ಮೊದಲ ಹೆಸರು ತನ್ನದು.

ಅಂದರೆ ಮೇಲಿನ ಒಬ್ಬರು ಬರದಿದ್ದರೆ ಸಾಕು.

ಮರುವಾರ ಒಂದು ಮಧ್ಯಾಹ್ನ ಕಾಲೇಜಿನ ಕ್ಯಾಂಟೀನಿನಲ್ಲಿ ಸಮೀವುಲ್ಲಾ ಎರಡು ಪತ್ರಗಳನ್ನೂ ಮೇಜಿನ ಮೇಲೆ ಹರಡಿದ.

“ಏನ್ಮಾಡ್ಲಿ ಹೇಳು ಮಾರಾಯ. ಅಬ್ಬಾ ಮೈಸೂರು ಅಂತಾರೆ. ಹತ್ರ, ಭಾಷೆ ನಮ್ದು, ತಿಂಗಳಿಗೊಂದ್ಸಲ ಬಂದು ಹೋಗ್ಬಹುದು. ಪುಣೇಲಿ ಹೇಳಿಕೊಡೋರು ಒಳ್ಳೆಯವರಂತೆ. ಲೈಬ್ರರಿ ದೊಡ್ಡದಂತೆ.”

“ನೀನು ಪುಣೆಗೇ ಹೋಗ್ಬೇಕು,” ಎಂದ ಗುರುಪ್ರಸಾದ್.

“ಅಷ್ಟು ಸಲೀಸಾಗಿ ಹೇಳ್ತೀಯಲ್ಲ.”

“ಮೈಸೂರಲ್ಲಿ ಕೂತ್ರೆ ನೀನು ಹತ್ತರಲ್ಲಿ ಒಬ್ಬ ಮೇಷ್ಟ್ರಾಗ್ತೀಯ ಅಷ್ಟೆ. ನಿನ್ನ ಪ್ರಶ್ನೆಗೆ ಉತ್ತರ ಹೇಳೋರು ಪುಣೇಲಿದಾರೆ.”

“ನೀನು?”

“ನಂದಿನ್ನೂ ತೀರ್ಮಾನ ಆಗಿಲ್ಲ.”

ಅವನು ಮುಕ್ಕಾಲು ಗಂಟೆ ಮಾತಾಡಿದ. ಮಾತಾಡುತ್ತ ಮಾತಾಡುತ್ತ ತನ್ನ ಮಾತನ್ನು ತಾನೇ ನಂಬಿದ. ಅದರಲ್ಲಿ ಸುಳ್ಳೆಂದು ಬೊಟ್ಟು ಮಾಡಿ ತೋರಿಸುವಂಥದ್ದು ಒಂದೂ ಇರಲಿಲ್ಲ. ವೇಟಿಂಗ್ ಲಿಸ್ಟಿನ ವಿಷಯವೊಂದನ್ನು ಬಿಟ್ಟಿದ್ದ, ಅಷ್ಟೆ.

ಜುಲೈಯಲ್ಲಿ ಸಮೀವುಲ್ಲಾ ಪುಣೆಗೆ ಹೋದ. ಆಗಸ್ಟಿನಲ್ಲಿ ಗುರುಪ್ರಸಾದನಿಗೆ ಮೈಸೂರಿನಿಂದ ಪತ್ರ ಬಂತು. ನವೆಂಬರಿನಲ್ಲಿ ಸಮೀವುಲ್ಲಾನ ಅಪ್ಪ ಅಂಗಡಿಯಲ್ಲೇ ಕುಸಿದು, ಲಕ್ವ ಹೊಡೆದು ದೇಹದ ಒಂದು ಪಕ್ಕ ಬಿದ್ದು ಹೋಯಿತು. ಸಮೀವುಲ್ಲಾ ಪೆಟ್ಟಿಗೆ ಕಟ್ಟಿಕೊಂಡು ವಾಪಸು ಬಂದ. ಮುಂದಿನ ವರ್ಷ ಹೋಗುತ್ತೇನೆಂದ. ಆ ಮುಂದಿನ ವರ್ಷ ಬರಲಿಲ್ಲ. ಮೈಸೂರಲ್ಲಿದ್ದಿದ್ದರೆ ವಾರಕ್ಕೊಮ್ಮೆ ಬಂದು ಅಂಗಡಿ ನೋಡಿಕೊಂಡು ಹೇಗೋ ಎರಡು ವರ್ಷ ಮುಗಿಸುತ್ತಿದ್ದನೋ ಏನೋ.

ಈ ‘ಏನೋ’ವನ್ನು ಗುರುಪ್ರಸಾದ್ ಇಪ್ಪತ್ತೇಳು ವರ್ಷ ಹೊತ್ತುಕೊಂಡು ಬಂದಿದ್ದ. ಹೆಂಡತಿ ಶ್ರೀಗೌರಿಗೂ ಹೇಳಿರಲಿಲ್ಲ.

* * *

ಶಾಮಿಯಾನದ ಅಂಚಿನಲ್ಲಿ ಕವನ ಅವನಿಗಾಗಿ ಒಂದು ಕುರ್ಚಿ ಹಿಡಿದಿಟ್ಟಿದ್ದಳು. ಅತ್ತು ಅವಳ ಕಣ್ಣು ಊದಿತ್ತು. ಎಂ.ಎ. ಓದುತ್ತಿರುವ ಹೈದರಾಬಾದಿನಿಂದ ಬೆಳಗಿನ ವಿಮಾನಕ್ಕೆ ಬಂದು, ಸೋಗಾನೆಯ ವಿಮಾನ ನಿಲ್ದಾಣದಲ್ಲಿ ಇಳಿದು ಆಟೋದಲ್ಲಿ ನೇರ ಇಲ್ಲಿಗೇ ಬಂದಿದ್ದಳಂತೆ. ಗುರುಪ್ರಸಾದನ ಕಾಲೇಜಿನಲ್ಲಿ ತತ್ವಶಾಸ್ತ್ರ ಓದಿದ ಕೊನೆಯ ತಂಡದವಳು ಅವಳು. ಅವಳ ನಂತರ ವಿದ್ಯಾರ್ಥಿಗಳೇ ಬರದೆ ವಿಷಯ ನಿಂತುಹೋಗಿ, ಗುರುಪ್ರಸಾದ್ ಈಗ ವ್ಯಕ್ತಿತ್ವ ವಿಕಸನದ ಪಾಠ ಮಾಡುತ್ತಿದ್ದ.

ಅವಳನ್ನು ಒಮ್ಮೆ ಭದ್ರಾವತಿಯ ಅಂಗಡಿಗೆ ಕರೆತಂದವನೂ ಅವನೇ. ನನ್ನ ಹಳೇ ಗೆಳೆಯ, ಓದು ಅರ್ಧಕ್ಕೆ ಬಿಟ್ಟ, ಆದರೂ ಆಸಕ್ತಿ ಇದೆ ಎಂದು ಪರಿಚಯ ಮಾಡಿಸಿದ್ದ. ಎಂ.ಎ.ಗೆ ಎರಡು ಕಡೆ ಸೀಟು ಸಿಕ್ಕಾಗ ಅವಳು ಮೊದಲು ಬಂದದ್ದು ಗುರುಪ್ರಸಾದನ ಹತ್ತಿರ. ಅವನು ಎರಡು ಪುಟ ಬರೆದು ಕೊಟ್ಟಿದ್ದ. ಅನುಕೂಲ ಒಂದು ಕಡೆ, ಅನಾನುಕೂಲ ಇನ್ನೊಂದು ಕಡೆ. ಕೊನೆಗೆ ಅವಳು ತೀರ್ಮಾನ ಮಾಡಿದ್ದು ವೈಂಡಿಂಗ್ ಅಂಗಡಿಯಲ್ಲಿ ಎಂಬುದು ಎಂಟು ತಿಂಗಳ ಹಿಂದೆ, ಅವಳು ರಜೆಗೆ ಬಂದಾಗ ಮಾತಿಗೆ ಮಾತು ಬಂದು ತಿಳಿಯಿತು. ಫೋನು ಎತ್ತುವುದನ್ನು ಅವನು ನಿಲ್ಲಿಸಿದ್ದು ಆಗ.

“ಅವನು ಏನು ಹೇಳಿದ್ದ ನಿನಗೆ, ಆವತ್ತು?” ಈಗ ಕೇಳಿದ.

“ಸಮೀ ಸರ್ ಇದಕ್ಕೆ ಹೋಗು ಅದಕ್ಕೆ ಹೋಗು ಅಂತ ಮೊದಲು ಏನೂ ಹೇಳ್ಲಿಲ್ಲ ಸರ್.”

ಒಂದು ದಿನವೂ ಕಾಲೇಜಿನಲ್ಲಿ ಪಾಠ ಮಾಡದವನು ‘ಸರ್’ ಆಗಿದ್ದ.

“ಮತ್ತೆ?”

“ಎರಡೂ ಕಡೆ ಸಿಲಬಸ್ ಗಟ್ಟಿಯಾಗಿ ಓದು ಅಂದ್ರು. ನಾನು ಸ್ಟೂಲ್ ಮೇಲೆ ಕೂತು ಓದಿದೆ. ಅವರು ತಂತಿ ಸುತ್ತುತ್ತಾನೇ ಇದ್ರು, ತಲೆ ಎತ್ತಲಿಲ್ಲ. ಎಲ್ಲಾ ಮುಗಿದ ಮೇಲೆ, ಎರಡನೇದು ಓದೋವಾಗ ನೀನು ಬೇಗ ಬೇಗ ಓದಿದೆ ಕಣಮ್ಮ, ಉಸಿರು ತಗೊಳ್ಲಿಲ್ಲ, ಅಲ್ಲಿಗೇ ಹೋಗು ಅಂದ್ರು.” ಅವಳು ದುಪಟ್ಟದ ತುದಿಯಿಂದ ಮೂಗು ಒರೆಸಿಕೊಂಡಳು. “ಅಷ್ಟೇ ಸರ್. ಸರಿಯಾಗಿತ್ತು.”

ಗುರುಪ್ರಸಾದ್ ತಲೆಯಾಡಿಸಿದ. ಎರಡು ಪುಟ ಬರೆಯಲು ತಾನು ಒಂದು ಭಾನುವಾರವಿಡೀ ಕೂತಿದ್ದು ನೆನಪಾಯಿತು. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಮಿತಿ ಬೇಡವೇ ಎಂದುಕೊಂಡ. ಅವನ ಬಳಿ ಅಂಥ ಮಿತಿ ಇರಲಿಲ್ಲ.

ಆದರೆ ಒಂದು ವಿಷಯ ಇತ್ತು. ಇಲ್ಲಿ ಸೇರಿದ ಇಷ್ಟು ಜನರಲ್ಲಿ ಯಾರ ಬಳಿಯೂ ಇಲ್ಲದ್ದು. ಸಮೀವುಲ್ಲಾ ಈ ಅಂಗಡಿಯಲ್ಲಿ ಕೂತದ್ದು, ಇವರೆಲ್ಲರ ‘ಸಮೀ ಸರ್’ ಆದದ್ದು, ಎಲ್ಲವೂ ಆ ಕ್ಯಾಂಟೀನಿನ ಮುಕ್ಕಾಲು ಗಂಟೆಯಿಂದ. ಅದು ಪಾಪವಿರಬಹುದು. ಆದರೂ ತನ್ನದು. ಅದನ್ನು ಇವತ್ತು ಹೇಳಿಬಿಡಬೇಕು ಎನ್ನಿಸಿತು. ಅವನು ಎದ್ದು ಒಳಕೋಣೆಯ ಕಡೆ ಹೋದ.

* * *

ಸಮೀವುಲ್ಲಾನ ತಾಯಿ ಅಖ್ತರ್ ಬೀ ಮಗನ ಶವವಿದ್ದ ಕೋಣೆಯ ಪಕ್ಕದಲ್ಲಿ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಕೈಯಲ್ಲಿ ತಸ್ಬಿಯ ಮಣಿಗಳು ಓಡುತ್ತಿದ್ದವು. ಅವನನ್ನು ಕಂಡು ಸರಿದು ಜಾಗ ಮಾಡಿದರು.

“ಬಾ ಬೇಟಾ, ಕೂತ್ಕೋ. ಸೊರಗಿದ್ದೀಯ ಗುರು.”

“ಅಮ್ಮಾ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು.”

“ಹೇಳು.”

“ಆವತ್ತು ನಾನು ಪುಣೆಗೆ ಹೋಗು ಅನ್ನದೇ ಇದ್ದಿದ್ರೆ, ಅವನು ಮೈಸೂರಿಗೆ ಹೋಗ್ತಿದ್ದ. ಓದು ನಿಲ್ತಿರ್ಲಿಲ್ಲ. ನಾನು ಬೇಕಂತಲೇ ಹೇಳಿದ್ದು. ಅವನು ಬಿಟ್ರೆ ಆ ಸೀಟು ನನಗೆ ಸಿಗೋದಿತ್ತು.”

ಅಖ್ತರ್ ಬೀ ಅವನನ್ನೇ ನೋಡಿದರು. ಸಿಟ್ಟು ಬರುತ್ತದೆಂದು ಅವನು ಕಾದ. ಅವರ ಮುಖದಲ್ಲಿದ್ದದ್ದು ನೆನಪು ಮಾಡಿಕೊಳ್ಳುವ ಪ್ರಯತ್ನ ಮಾತ್ರ.

“ನೀನು ಹೇಳಿದ್ದಾ? ಯಾವಾಗ?”

“ಜೂನ್‌ನಲ್ಲಿ. ಎರಡೂ ಪತ್ರ ತಂದು ತೋರಿಸಿದ್ನಲ್ಲ.”

“ಇಲ್ಲ ಬೇಟಾ. ಪತ್ರ ಬಂದ ದಿನಾನೇ ಮೈಸೂರಿಗೆ ಬರಲ್ಲ ಅಂತ ಕಾರ್ಡು ಬರೆದ. ನಾನೇ ಹೋಗಿ ಡಬ್ಬಕ್ಕೆ ಹಾಕಿ ಬಂದೆ, ಅವರ ಅಬ್ಬಾಗೆ ಗೊತ್ತಾಗ್ಬಾರದು ಅಂತ.”

“ಮತ್ತೆ ನನ್ನ ಯಾಕೆ ಕೇಳಿದ?”

“ಎಲ್ಲರನ್ನೂ ಕೇಳ್ತಿದ್ದ. ಪೋಸ್ಟ್‌ಮ್ಯಾನ್ ಹೊನ್ನಯ್ಯ ಇದ್ನಲ್ಲ, ಪಾಪ, ಅವನನ್ನೂ ಜಗಲಿ ಮೇಲೆ ಕೂರಿಸ್ಕೊಂಡು ಕೇಳಿದ. ಜನ ಯಾಕೆ ಹಂಗಂತಾರೆ ಅಂತ ಕೇಳೋದು ಅವನಿಗೆ ಇಷ್ಟ.” ಅವರ ತುಟಿಯ ಕೊನೆಯಲ್ಲಿ ನಗುವಿನಂಥದ್ದು ಸುಳಿದು ಹೋಯಿತು. “ಹೊನ್ನಯ್ಯನೂ ಪುಣೇನೇ ಅಂದ.”

ಗುರುಪ್ರಸಾದ್ ಚಾಪೆಯ ಹೆಣಿಗೆಯನ್ನು ನೋಡುತ್ತ ಕೂತ.

“ಅವನಿಗೆ... ಬೇಜಾರಿತ್ತಾ ಅಮ್ಮಾ? ಅರ್ಧಕ್ಕೆ ಬಿಟ್ಟು ಬಂದಿದ್ದಕ್ಕೆ?”

“ಒಂದು ವರ್ಷ ಇತ್ತು. ಆಮೇಲೆ ಎಲ್ಲಿ? ಆ ನಾಲ್ಕು ತಿಂಗಳ ಮಾತನ್ನ ಇಪ್ಪತ್ತೇಳು ವರ್ಷ ಆಡಿದ. ಸೊಸೆ ಕೇಳೀ ಕೇಳೀ ಬೇಜಾರಾಗಿ, ಪುಣೇಲಿ ನೀವು ನಾಲ್ಕು ತಿಂಗಳು ಇದ್ರೋ ನಲವತ್ತು ವರ್ಷ ಇದ್ರೋ ಅಂತಿದ್ಲು.” ಅವರು ಅವನ ಮೊಣಕಾಲಿನ ಮೇಲೆ ಕೈಯಿಟ್ಟರು. “ನೀನು ಇದನ್ನ ಮನಸ್ಸಲ್ಲಿ ಇಟ್ಕೊಂಡು ತಿರುಗ್ತಿದ್ದೆಯಾ ಇಷ್ಟು ದಿನ? ಹುಚ್ಚ. ನೀನು ಏನೂ ಮಾಡಿಲ್ಲ ಬೇಟಾ. ಏನೂ ಮಾಡಿಲ್ಲ.”

ಸಮಾಧಾನಕ್ಕೆಂದೇ ಹೇಳಿದ ಮಾತು ಅದು. ಗುರುಪ್ರಸಾದನಿಗೆ ಅದು ತನ್ನದೊಂದನ್ನು ಕಿತ್ತುಕೊಂಡಂತೆ ಕೇಳಿಸಿತು. ಮೈಸೂರಿನ ಎರಡು ವರ್ಷಗಳಿಂದ ಅವನಲ್ಲಿ ಹೇಳಿಕೊಳ್ಳುವಂಥ ಮಾತು ಎರಡು ದಿನಕ್ಕಾಗುವಷ್ಟೂ ಉಳಿದಿರಲಿಲ್ಲ. ಉಳಿದಿದ್ದುದು ಆ ಒಂದು ತಪ್ಪು. ಈಗ ಅದರಲ್ಲೂ ಅವನ ಪಾಲು ಪೋಸ್ಟ್‌ಮ್ಯಾನ್ ಹೊನ್ನಯ್ಯನ ಪಾಲಿನಷ್ಟೇ. ಆಗಲೇ ತೀರ್ಮಾನ ಮಾಡಿದ್ದವನು ಎದುರಿಗೆ ಕೂತು, ತನ್ನ ಮುಕ್ಕಾಲು ಗಂಟೆಯ ಮಾತನ್ನು ಅಷ್ಟೊಂದು ಗಮನವಿಟ್ಟು ಕೇಳಿದ್ದ. ಬೋರ್ಡಿನ ಮೇಲಿನ ಎರಡನೇ ಪಟ್ಟಿಯ ಸುದ್ದಿ ಅವನಿಗೆ ಮೊದಲೇ ತಿಳಿದಿತ್ತೇ? ಇನ್ನು ಕೇಳುವಂತಿರಲಿಲ್ಲ.

ಹೊರಗೆ ಜನ ಎದ್ದು ನಿಲ್ಲುವ ಸದ್ದಾಯಿತು.

* * *

ಮಧ್ಯಾಹ್ನದ ನಮಾಜಿನ ನಂತರ ಮಸೀದಿಯಲ್ಲಿ ಜನಾಜಾದ ನಮಾಜೂ ಆಯಿತು. ಗುರುಪ್ರಸಾದ್ ಬೇರೆ ಕೆಲವರ ಜೊತೆ ಗೇಟಿನ ಹೊರಗೆ ನಿಂತಿದ್ದ. ಅಲ್ಲಿಂದ ಖಬರಸ್ತಾನಕ್ಕೆ ಅರ್ಧ ಮೈಲು. ಮೆರವಣಿಗೆ ಹೊರಟಿತು. ಹೆಗಲು ಕೊಡುವವರು ಎಷ್ಟು ಜನವಿದ್ದರೆಂದರೆ, ಒಬ್ಬೊಬ್ಬರಿಗೆ ಹತ್ತು ಹೆಜ್ಜೆ ಸಿಕ್ಕಿದರೆ ಹೆಚ್ಚು. ಹಿಂದಿನಿಂದ ಒಬ್ಬ ಕೈ ಚಾಚಿದರೆ ಮುಂದಿನವನು ಮಾತಿಲ್ಲದೆ ಸರಿದು ಜಾಗ ಬಿಡುತ್ತಿದ್ದ. ತೋಟದವರು, ಮೆಕ್ಯಾನಿಕ್ಕುಗಳು, ನಿವೃತ್ತ ಕಾರ್ಮಿಕರು, ಹೀಗೆ ಜನಾಜಾದ ಮಂಚ ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ನೀರಿನ ಮೇಲೆ ತೇಲಿದಂತೆ ಸಾಗುತ್ತಿತ್ತು.

ಗುರುಪ್ರಸಾದ್ ಜನರನ್ನು ತಳ್ಳಿಕೊಂಡೇ ಮುಂದೆ ಬಂದ. ಮುಸ್ತಕೀಮ್ ನೋಡಿ, “ಗುರಣ್ಣಗೆ ಬಿಡ್ರಪ್ಪ,” ಎಂದ. ಮಂಚದ ಎಡಗಡೆಯ ಮುಂದಿನ ಹಿಡಿ ಅವನ ಹೆಗಲಿಗೆ ಬಂತು. ಎಣಿಸಿದ್ದಕ್ಕಿಂತ ಭಾರವಿತ್ತು.

ಹತ್ತು ಹೆಜ್ಜೆ ಆಯಿತು. ಇಪ್ಪತ್ತಾಯಿತು. ಹಿಂದಿನಿಂದ ಯಾರೋ ಮೆಲ್ಲಗೆ ಅವನ ಬೆನ್ನು ತಟ್ಟಿದರು. ಅವನು ತಿರುಗಲಿಲ್ಲ.

“ಸಾರ್, ನಾನು ಹಿಡ್ಕೋತೀನಿ ಬಿಡಿ.”

ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಜೊತೆಯವರು ಬದಲಾದರು, ಮತ್ತೆ ಬದಲಾದರು. ಬಲಗಡೆಗೆ ಬಂದವನು ಎತ್ತರದ ಆಳು.

“ಗುರಣ್ಣ, ಸಾಕು ಕೊಡಿ,” ಎಂದ ಮುಸ್ತಕೀಮ್ ಹತ್ತಿರ ಬಂದು, ದನಿ ತಗ್ಗಿಸಿ. “ಎಲ್ರೂ ಕಾಯ್ತಿದಾರೆ.”

ಖಬರಸ್ತಾನದ ಗೇಟು ಕಾಣುತ್ತಿತ್ತು. ಹಿಂದಿನಿಂದ ಒಂದು ಕೈ ಬಂದು ಅವನ ಕೈಯ ಪಕ್ಕದಲ್ಲೇ ಮಂಚದ ಮರವನ್ನು ಹಿಡಿಯಿತು. ಉಗುರುಗಳಲ್ಲಿ ಗ್ರೀಸು ಕೂತ, ಕೆಲಸದವನೊಬ್ಬನ ಕೈ. ಗುರುಪ್ರಸಾದ್ ಇನ್ನೊಂದು ಕೈಯನ್ನೂ ಮೇಲೆತ್ತಿ ಹಿಡಿ ಬಿಗಿಮಾಡಿದ, ತಲೆ ತಗ್ಗಿಸಿದ, ಹೆಜ್ಜೆ ದೊಡ್ಡದು ಮಾಡಿದ. ಜನಾಜಾ ಅವನ ಕಡೆಗೆ ತುಸು ವಾಲಿಕೊಂಡೇ ಗೇಟು ದಾಟಿತು.