ನೀಲಾಂಬಿಕೆಯವರ ವಿಚಾರಣೆ

ಬೇಡದ ಮಾತು ಕಿವಿಗೆ ಬೀಳುವ ಮೊದಲೇ ಬಲಗೈ ಎತ್ತಿ, ಬಸ್ಸು ನಿಲ್ಲಿಸುವವರ ಹಾಗೆ ಅಂಗೈ ಅಡ್ಡ ಹಿಡಿಯುವುದು ಹುಣಸೂರಿನ ನೀಲಾಂಬಿಕೆಯವರ ವಾಡಿಕೆ. ಕೆಲಸಕ್ಕೆ ಆಯ್ಕೆಯಾದವರ ಪೂರ್ವಾಪರ ವಿಚಾರಿಸಿ ವರದಿ ಕೊಡುವುದು ಅವರ ವೃತ್ತಿ. ಸೀರೆಯ ಮೇಲೆ ಗಂಡಸರ ಕಂದು ಕೋಟು ತೊಟ್ಟು, ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆಯವರೆಗೆ ಸ್ಕೂಟರಿನಲ್ಲಿ ಸುತ್ತುವ ಈಕೆಯೆದುರು ಜನ ಮೊದಲು ಬಿಚ್ಚುವುದು ಜಾತಿ, ಆಮೇಲೆ ಜಮೀನು, ಆಮೇಲೆ ಅತ್ತೆ ಸೊಸೆಯರ ಜಗಳ. ಅಂಗೈ ಏಳುತ್ತದೆ. "ಅದು ಕೆಲ್ಸಕ್ಕೆ ಬೇಕಾದ್ದಲ್ಲ ಕಣ್ರೀ, ಬುಡಿ."

ಅಭ್ಯರ್ಥಿಯ ಒಪ್ಪಿಗೆಯಿಲ್ಲದೆ ಅವನ ಬೀದಿಗೂ ಕಾಲಿಡದ ಹಟ ಬೇರೆ. ಹನಗೋಡಿನ ಶಿವಶಂಕರನಿಗೆ ಒಂದು ಖಾಸಗಿ ಶಾಲೆಯಲ್ಲಿ ಬಸ್ ಚಾಲಕನ ಕೆಲಸ ನಿಶ್ಚಯವಾಗಿತ್ತು. ಅದೇ ಭರವಸೆಯ ಮೇಲೆ ಅವನು ತಂಬಾಕಿನ ಲಾರಿ ಓಡಿಸುವುದನ್ನು ಬಿಟ್ಟಿದ್ದ. ಅವನ ಒಪ್ಪಿಗೆ ಪಡೆದೇ ನೀಲಾಂಬಿಕೆ ಅವನ ಪಕ್ಕದ ಮನೆಯ ಲಿಂಗಯ್ಯನನ್ನು ಕೇಳಿದರು.

"ಅವನ ಸವಾಸ ಬ್ಯಾಡ ಕಣವ್ವ. ಒಡೆದಾಟ ಮಾಡಿ ಜೈಲ್ಗೋಗ್ ಬಂದವ್ನೆ," ಎಂದ ಲಿಂಗಯ್ಯ.

ಅಷ್ಟರಲ್ಲಿ ಶಾಲೆಯ ವ್ಯವಸ್ಥಾಪಕರ ಫೋನು. ತಡವಾದರೆ ಏನೋ ಇದೆಯೆಂದೇ ಅರ್ಥ, ಬೇರೆಯವನನ್ನು ನೋಡುತ್ತೇವೆ ಎಂದರು. "ತಡ ಮಾಡ್ತಿರೋದು ನಾನು, ಅವನಲ್ಲ. ಅವನ್ ಮಾತು ಕೇಳ್ದೆ ವರದಿ ಕೊಡಲ್ಲ," ಎಂದು ಈಕೆ ಫೋನಿಟ್ಟರು. ಹೇಳಿದವರ ಹೆಸರು ಬಾಯಿಬಿಡದೆ, ಆರೋಪವನ್ನು ಮಾತ್ರ ಶಿವಶಂಕರನ ಮುಂದಿಟ್ಟರು. "ಹಿಂಗೊಂದು ಮಾತು ಬಂದದೆ. ನೀನೇನ್ ಹೇಳ್ತೀಯಪ್ಪ?"

"ಠಾಣೆ ಮೆಟ್ಲೂ ತುಳಿದಿಲ್ಲ ಕಣಕ್ಕ. ಎಲ್ಲಿ ಬೇಕಾದ್ರೂ ಕೇಳಿ."

ಕೇಳಿದರು. ಠಾಣೆಯಲ್ಲೂ ನ್ಯಾಯಾಲಯದಲ್ಲೂ ಅವನ ಮೇಲೆ ಒಂದು ದೂರೂ ಇರಲಿಲ್ಲ. ಮತ್ತೆ ಲಿಂಗಯ್ಯನ ಜಗಲಿಗೆ ಹೋದಾಗ ಅವನು ತಲೆ ಕೆರೆದುಕೊಂಡ. ನಮ್ಮ ಸೀಮೆಯಲ್ಲಿ ಗುರುತಿಲ್ಲದ ಹೆಂಗಸು ಮದುವೆಯಾಗದ ಹುಡುಗನನ್ನು ಕುರಿತು ಕೇಳಿದರೆ ಅದಕ್ಕೆ ಒಂದೇ ಅರ್ಥ: ಮದುವೆಯ ಸಂಬಂಧ. ಕೆಲಸದ ವಿಚಾರವೆಂದು ಈಕೆ ಸಾರಿ ಹೇಳಿದ್ದರೂ ಅದು ನೆಪವೆಂದೇ ಅವನು ಬಗೆದಿದ್ದ.

"ನಮ್ ತಂಗಿ ಮಗ್ಳಿಗೆ ಅವನ್ನೇ ತರಾಣ ಅಂತಿದ್ದೆ. ನೀವು ಎಣ್ಣಿನ್ ಕಡೆಯೋರು ಅಂದ್ಕಂಡು ಅಂಗಂದ್ಬುಟ್ಟೆ. ಅಪರಂಜಿ ಕಣವ್ವ ಉಡುಗ, ಅಂಗೇ ಬರ್ಕಳಿ!"

ಅಂಗೈ ಮತ್ತೆ ಎದ್ದಿತು. ನನಗೆ ಈಕೆಯ ಮೇಲೆ ಗೌರವ ಉಕ್ಕುವುದು ಇಲ್ಲಿಯೇ: ನಿಂದೆಯನ್ನು ಬರೆಯದವರು ಹೊಗಳಿಕೆಯನ್ನೂ ಬರೆಯಲಿಲ್ಲ. ಚಾಲನಾ ಪರವಾನಗಿ ಸರಿಯಿದೆ, ಹಿಂದಿನ ಮಾಲೀಕರಿಂದ ದೂರಿಲ್ಲ, ಮೊಕದ್ದಮೆಯಿಲ್ಲ; ಅಷ್ಟೇ. ಶಿವಶಂಕರನಿಗೆ ಕೆಲಸ ಸಿಕ್ಕಿತು.

ಒಬ್ಬ ಮನುಷ್ಯನನ್ನು ಕುರಿತು ಊರಿಗೆ ಊರೇ ಮಾತಾಡಬಲ್ಲದು, ಕೆಟ್ಟದ್ದನ್ನೂ ಒಳ್ಳೆಯದನ್ನೂ ಅಷ್ಟೇ ಸಲೀಸಾಗಿ. ಆ ಮಾತನ್ನೆಲ್ಲ ಹೊತ್ತು ಅವನ ಬಾಗಿಲಿಗೇ ಬಂದು, ಎದುರು ಕೂತು, ಅವನ ಉತ್ತರಕ್ಕಾಗಿ ಕಾಯುವವರು ವಿರಳ. ಅಂಥವರು ಇಲ್ಲದ ಕಡೆ ಎಷ್ಟೋ ಜನ ತಮ್ಮ ಅನ್ನ ಹೋದದ್ದು ಯಾರ ಮಾತಿನಿಂದ ಎಂಬುದನ್ನೂ ತಿಳಿಯದೆ ಮನೆಗೆ ಮರಳುತ್ತಾರೆ.